ಬಾಸಿಂಗದ ಮೇಲಿನ ಜೇಡ

ಮಾನ್ವಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಪ್ರಭುರಾಜನಿಗೆ ಹೊಟ್ಟೆ ನೆಟ್ಟಗಿಲ್ಲವೆಂಬ ಸುದ್ದಿ ಊರಿಗೆಲ್ಲ ಗೊತ್ತಾಗಿ, ಕಟ್ಟಕಡೆಗೆ ಅವನ ಹೆಂಡತಿ ಉಮಾದೇವಿಗೆ ಗೊತ್ತಾಯಿತು. ಅದೂ ಪಕ್ಕದ ಮನೆಯ ಖತೀಜಾ ಬೀ ಅಜವಾನದ ಪೊಟ್ಟಣ ಹಿಡಿದುಕೊಂಡು ಬಂದದ್ದರಿಂದ.

“ಬಿಸಿನೀರಾಗ ಹಾಕಿ ಕೊಡವಾ,” ಎಂದಳು ಖತೀಜಾ ಬೀ, ದನಿ ತಗ್ಗಿಸಿ. “ನಮ್ಮ ಮನ್ಯಾಗಿನವ್ರಿಗೂ ಹಿಂಗೇ ಆಗಿತ್ತು. ನಾಚ್ಕೊಂಡು ಕುಂತ್ರ ರೋಗ ಬೆಳಿತದ.”

“ಯಾರಿಗೆ ಏನಾಗ್ಯದ?”

“ಏ, ನನ್ನ ಮುಂದ ಏನ್ ಮುಚ್ಚಿಡ್ತಿ? ಹೊತ್ತು ಮೂಡೂಕಿಂತ ಮೊದ್ಲು ಹೋಗಿ ಕಾಲುವಿ ದಂಡಿ ಹೊಲದಾಗ ಕುಂದರ್ತಾರಂತ. ಬಿಸಿಲೇರಿದ್ರೂ ಏಳಂಗಿಲ್ಲಂತ. ಎದ್ರೂ ಮತ್ತೊಂದು ಗಿಡದ ಬುಡಕ್ಕ ಹೋಗಿ ಕುಂದರ್ತಾರಂತ. ಹೊಲಕ್ಕ ಹೋಗೋ ಹೆಣ್ಮಕ್ಕಳು ಕೆಮ್ಮಿ ಕೆಮ್ಮಿ ಸುತ್ತು ಹಾಕಿ ಹೊಂಟಾರ, ಪಾಪ!”

ಉಮಾದೇವಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ, ತನ್ನ ಗಂಡ ಅದಕ್ಕಾಗಿ ಕೂರುವುದಿಲ್ಲ, ಹುಳಗಳ ಫೋಟೋ ತೆಗೆಯಲು ಕೂರುತ್ತಾನೆ ಎಂದು ವಿವರಿಸಿದಳು. ಇರುವೆ, ಜೇಡ, ಹತ್ತಿ ಗಿಡದ ಕಾಯಿಕೊರಕ, ಸಗಣಿಹುಳ, ಏನು ಸಿಕ್ಕರೆ ಅದು. ಖತೀಜಾ ಬೀ, “ಇದಕ್ಕಿಂತ ಹೊಟ್ಟಿ ಬ್ಯಾನಿನೇ ಚಲೋ ಇತ್ತು ನೋಡು,” ಎಂದು ಅಜವಾನದ ಪೊಟ್ಟಣವನ್ನು ಅಲ್ಲೇ ಬಿಟ್ಟು ಹೋದಳು.

ಉಮಾದೇವಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಊರ ಮಂದಿಗೆಲ್ಲ ಪಾಸ್‌ಪೋರ್ಟ್ ಫೋಟೋ ತೆಗೆದು, ಸುತ್ತಲಿನ ಹಳ್ಳಿಗಳ ಮದುವೆ, ಸೀಮಂತ, ಜವಳಗಳಿಗೆ ಓಡಾಡಿ ಹೊಟ್ಟೆ ಹೊರೆಯುವ ಮನುಷ್ಯನಿಗೆ ನಲವತ್ತು ದಾಟಿದ ಮೇಲೆ ಈ ಹುಚ್ಚು ಹಿಡಿದಿತ್ತು. ಹುಚ್ಚು ಹಿಡಿಸಿದ್ದು ರಾಯಚೂರಿನಲ್ಲಿ ಮದುವೆ ಆಲ್ಬಂ ಮಾಡಿಕೊಡುವ ಬುರ್ಹಾನುದ್ದೀನ್ ಚಾಚಾ. ರೀಲಿನ ಕಾಲದ ಒಂದು ಹಳೆಯ ಲೆನ್ಸು ಅವರ ಅಂಗಡಿಯ ಕಪಾಟಿನಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. “ಒಯ್ಯಿರಿ, ಇದನ್ನ ಹಿಂದುಮುಂದು ತಿರುವಿ ಹಾಕಿ ನೋಡ್ರಿ, ತಮಾಷಾ ಕಾಣಸ್ತದ,” ಎಂದು ಕೊಟ್ಟುಬಿಟ್ಟರು. ಅಂಥ ಫೋಟೋ ತೆಗೆಯುವ ಖಾಸಾ ಲೆನ್ಸು ಕೊಳ್ಳಬೇಕೆಂದರೆ ಎಮ್ಮೆ ಮಾರಬೇಕು, ಪ್ರಭುರಾಜನಿಗೆ ಎಮ್ಮೆಯೂ ಇರಲಿಲ್ಲ. ಅವನು ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಕೊರೆದು ಬಳೆ ಮಾಡಿ, ಅದರಿಂದ ಲೆನ್ಸನ್ನು ಹಳೆಯದೊಂದು ಕ್ಯಾಮೆರಾಕ್ಕೆ ಉಲ್ಟಾ ಸಿಕ್ಕಿಸಿದ. ಬೆಳಕು ಮೆತ್ತಗಾಗಲೆಂದು ಮದುವೆ ಮನೆಯ ಬಿಳಿ ಕಾಗದದ ತಟ್ಟೆಗೆ ತೂತು ಹಾಕಿ ಮುಂದೆ ತೂಗುಬಿಟ್ಟ. ನೆರಳಿದ್ದ ಕಡೆ ಬೆಳಕು ಚೆಲ್ಲಲು ಉಮಾದೇವಿಯ ಕುಂಕುಮದ ಡಬ್ಬಿಯ ಕನ್ನಡಿ ಹೋಯಿತು. ಅಂದಿನಿಂದ ಆ ಮನೆಯ ಉಪ್ಪಿನಕಾಯಿ ಬಟ್ಟೆ ಕಟ್ಟಿಕೊಂಡಿದೆ, ಉಮಾದೇವಿ ಮೊಬೈಲಿನಲ್ಲಿ ಮುಖ ನೋಡಿಕೊಂಡು ಕುಂಕುಮ ಹಚ್ಚಿಕೊಳ್ಳುತ್ತಾಳೆ.

ಈ ಉಲ್ಟಾ ಲೆನ್ಸಿನ ಸ್ವಭಾವವೂ ಉಲ್ಟಾ. ದೂರದ್ದು ಅದಕ್ಕೆ ಕಾಣುವುದೇ ಇಲ್ಲ. ಹುಳದಿಂದ ನಾಲ್ಕು ಬೆರಳಿನಷ್ಟು ಹತ್ತಿರ ಹೋದರೆ ಮಾತ್ರ ಕಾಣುತ್ತದೆ, ಅದರಲ್ಲೂ ಒಂದು ಕೂದಲೆಳೆಯಷ್ಟು ಜಾಗ ಮಾತ್ರ ನಿಚ್ಚಳ, ಉಳಿದದ್ದೆಲ್ಲ ಮಂಜು. ತಿರುಗಿಸಲು ಗುಂಡಿಯಿಲ್ಲ, ಮನುಷ್ಯನೇ ಹಿಂದೆ ಮುಂದೆ ತೂಗಬೇಕು. ಉಸಿರು ಬಿಟ್ಟರೂ ಹುಳ ಜಾಗ ಬಿಟ್ಟಂತೆ. ಹೀಗಾಗಿ ಪ್ರಭುರಾಜ ಕ್ಯಾಮೆರಾಕ್ಕೆ ಕಣ್ಣಿಟ್ಟು ಉಸಿರು ಬಿಗಿಹಿಡಿದನೆಂದರೆ ಅವನ ಕಿವಿಯೂ ಮುಚ್ಚಿಕೊಳ್ಳುತ್ತಿತ್ತು. ಒಮ್ಮೆ ಮನೆಯಲ್ಲೇ, ಒಲೆಯ ಮೇಲೆ ಹಾಲು ಉಕ್ಕಿ ಹರಿದು ಅವನ ಕಾಲ ಹತ್ತಿರ ಬಂದರೂ ಅವನು ಡಬ್ಬಿಯ ಮೇಲಿದ್ದ ನೊಣದ ಮುಂದೆ ಕದಲದೆ ಕೂತಿದ್ದ.

ಉಮಾದೇವಿ ಬೈಯುತ್ತಿದ್ದಳು, ನಿಜ. ಆದರೆ ಆ ನೊಣದ ಕಣ್ಣನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದಾಗ ಅವಳ ಬಾಯಿ ಕಟ್ಟಿತ್ತು. ಅಷ್ಟೂ ನೇಯ್ಗೆ, ಇಳಕಲ್ ಸೀರೆಯ ಸೆರಗಿನ ಹಾಗೆ. ಆಮೇಲೆ ಎರಡು ದಿನ ಅವಳಿಗೆ ನೊಣ ಹೊಡೆಯಲು ಕೈ ಏಳಲಿಲ್ಲ. ಈ ಮಾತನ್ನು ಅವಳು ಗಂಡನಿಗೆ ಹೇಳಲಿಲ್ಲ, ಹೇಳಿದ್ದರೆ ಮನೆಯ ಉಳಿದ ಮುಚ್ಚಳಗಳೂ ಹೋಗುತ್ತಿದ್ದವು.

ಇಷ್ಟಕ್ಕೇ ನಿಂತಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಅಷ್ಟರಲ್ಲಿ ಉಮಾದೇವಿಯ ತವರೂರು ಕುರ್ಡಿಯಲ್ಲಿ ಅವಳ ಅಣ್ಣ ಬೂದೆಪ್ಪನ ಮಗಳು ರಾಧಾಳ ಮದುವೆ ಗೊತ್ತಾಯಿತು. ವರ ದೇವದುರ್ಗದ ಬೀರೇಶ. ಬೂದೆಪ್ಪನಿಗೆ ರಾಯಚೂರಿನಿಂದ ಡ್ರೋನ್ ಹಾರಿಸುವ ದೊಡ್ಡ ಮಂದಿಯನ್ನು ಕರೆಸುವ ಮನಸ್ಸಿತ್ತು. ಹಿತ್ತಲ ಗಿಡ ಮದ್ದಲ್ಲ, ಅದರಲ್ಲೂ ಆ ಗಿಡ ತಂಗಿಯ ಗಂಡನಾದರಂತೂ ಮದ್ದೇ ಅಲ್ಲ.

“ನಮ್ಮನ್ಯಾಗ ಫೋಟೋದವ್ರು ಇರ್ಲಿಕ್ಕೆ ಮಂದಿನ್ನ ಯಾಕ ಕರಸ್ತಿ?” ಎಂದು ಉಮಾದೇವಿ ಜಗಳಕ್ಕೆ ನಿಂತಳು.

“ನಿನ್ನ ಗಂಡ ಮದಿವಿ ಬಿಟ್ಟು ಮಿಡಚಿ ಹಿಂದ ಹೋದ್ರ?”

“ನಾ ಅದೀನಲ್ಲ. ನಾ ಜವಾಬ್ದಾರಿ.”

ಹೆಣ್ಣು ತವರಿನಲ್ಲಿ ಆಡಿದ ಮಾತು ಎಂದರೆ ಸಣ್ಣದಲ್ಲ. ಬೂದೆಪ್ಪ ಒಪ್ಪಿದ. ಆದರೆ ಉಮಾದೇವಿ ಮನಸ್ಸಿನಲ್ಲಿ ಮಾತು ಕೊಟ್ಟದ್ದು ಅಣ್ಣನಿಗಲ್ಲ, ತಾಯಿ ಭೀಮವ್ವನಿಗೆ.

ರಾಧಾಳನ್ನು ಹೆತ್ತವಳು ಬಂಡೆಮ್ಮನಾದರೂ, ಬಂಡೆಮ್ಮ ಬೆಳಗಾದರೆ ಹೊಲ ಹಿಡಿಯುವವಳು. ಕೂಸಿಗೆ ಎಣ್ಣೆ ತಿಕ್ಕಿ ಎರೆದವಳು, ಜಡೆ ಹಾಕಿ ಶಾಲೆಗೆ ಅಟ್ಟಿದವಳು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡವಳು ಅಜ್ಜಿ ಭೀಮವ್ವ. ಆದರೆ ಭೀಮವ್ವನ ಗಂಡ ತೀರಿ ಬಹಳ ವರ್ಷಗಳಾಗಿದ್ದವು. ಆ ಮನೆತನದಲ್ಲಿ ಗಂಡ ಇಲ್ಲದವರು ತಾಳಿ ಕಟ್ಟಿ ಅಕ್ಕಿಕಾಳು ಹಾಕುವ ಹೊತ್ತಿಗೆ ಹಂದರದ ಕೆಳಗೆ ನಿಲ್ಲುವ ಪದ್ಧತಿ ಇಲ್ಲ. ಯಾರೂ ನಿಲ್ಲಬೇಡ ಎಂದು ಹೇಳುವುದೂ ಇಲ್ಲ, ಅವರೇ ಎದ್ದು ಹೋಗುತ್ತಾರೆ. ಯಾರೂ ಹೇಳದಿರುವುದೇ ಹೆಚ್ಚಿನ ಕ್ರೌರ್ಯ ಎಂದು ಉಮಾದೇವಿಗೆ ಅನಿಸುತ್ತಿತ್ತು.

“ಈ ಕಾಲದಾಗ ಯಾರ್ ನೋಡ್ತಾರಬೇ ಅದನ್ನೆಲ್ಲ? ನೀ ಬಂದು ಮುಂದ ನಿಂದ್ರು,” ಎಂದು ಅವಳು ತಾಯಿಗೆ ಹೇಳಿ ನೋಡಿದ್ದಳು.

“ಬ್ಯಾಡವಾ. ನಾಳಿ ಅದಕ್ಕ ಒಂದು ತಲಿನೋವು ಬಂದ್ರೂ ಮುದುಕಿ ನಿಂತಿದ್ಳು ಅಂತಾರ. ಕೂಸಿನ್ನ ಮಂದಿ ಬಾಯಿಗೆ ಕೊಡಬಾರ್ದು.” ಆಮೇಲೆ ಭೀಮವ್ವ ಕೇಳಿದಳು, “ಫೋಟೋ ತಗೀತಾನಲ್ಲ ಅಳಿಯ? ಅದರಾಗ ನೋಡ್ತೀನಿ. ಗಂಟು ಹಾಕೂದು ಕಾಣ್ಸಬೇಕು ನೋಡು. ನನಗ ಅದೊಂದು ಸಾಕು.”

ಭೀಮವ್ವನಿಗೆ ಕಣ್ಣಿನ ಆಪರೇಶನ್ ಆಗಿತ್ತು. ದೂರದ ಬೇವಿನ ಗಿಡದ ಮೇಲಿನ ಕಾಗೆ ಕಾಣುತ್ತಿತ್ತು, ಚಶ್ಮಾ ಇಲ್ಲದೆ ಕೈಯಲ್ಲಿದ್ದ ಅಕ್ಕಿಯ ಕಲ್ಲು ಕಾಣುತ್ತಿರಲಿಲ್ಲ. “ಗ್ವಾಡಿ ಅಷ್ಟು ದೊಡ್ಡದು ಮಾಡಿಸಿ ತರ್ತೀನಿ, ಹೊರಸಿನ ಮ್ಯಾಲ ಮಕ್ಕೊಂಡೇ ನೋಡುವಂತಿ,” ಎಂದು ಉಮಾದೇವಿ ಮಾತು ಕೊಟ್ಟಳು.

ಮದುವೆಯ ದಿನ ಪ್ರಭುರಾಜ ಬೆಳಗಿನಿಂದ ಚಿನ್ನದಂತೆ ಕೆಲಸ ಮಾಡಿದ. ಹಂದರಗಂಬ, ಮದುಮಕ್ಕಳಿಗೆ ಎರೆಯುವ ಸುರಗಿ ನೀರು, ಬೀಗರ ಮೀಸೆ, ಯಾವುದನ್ನೂ ಬಿಡಲಿಲ್ಲ. ಉಮಾದೇವಿ ಆರತಿ ತಟ್ಟೆ ಹಿಡಿದು ರಾಧಾಳ ಬದಿಗೇ ನಿಂತಿದ್ದಳು. ಅಯ್ಯನೋರು ಮಂತ್ರ ಹೇಳುತ್ತಿದ್ದರು. ಮಂದಿ ಅಕ್ಕಿಕಾಳು ಹಿಡಿದು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಭೀಮವ್ವ ಆಗಲೇ ಎದ್ದು, ಹಿತ್ತಲಿನ ಅನ್ನದ ಹಂಡೆಗಳ ಕಡೆ ಹೋಗಿದ್ದಳು. ಆಗ ಉಮಾದೇವಿ ಗಂಡನ ಮುಖ ನೋಡಿದಳು.

ಆ ಮುಖ ಅವಳಿಗೆ ಗುರುತಿತ್ತು. ಕಣ್ಣು ಸಣ್ಣಗಾಗಿ, ಬಾಯಿ ಅರ್ಧ ತೆರೆದು, ಬೆಲ್ಲ ಕಂಡ ಕೂಸಿನ ಮುಖ. ಅವನು ನೋಡುತ್ತಿದ್ದದ್ದು ರಾಧಾಳ ಹಣೆಗೆ ಕಟ್ಟಿದ ಬಾಸಿಂಗವನ್ನು. ಬಾಸಿಂಗದ ಮುತ್ತುಗಳ ನಡುವೆ ಜೋಳದ ಕಾಳಿನಷ್ಟು ಒಂದು ಜೇಡ, ಬಲೆ ನೇಯದೆ ಜಿಗಿದು ಬೇಟೆಯಾಡುವ ಜಾತಿಯದು, ಮುಂಗಾಲು ಎತ್ತಿ ಮದುಮಗಳಂತೆಯೇ ಸಿಂಗರಿಸಿಕೊಂಡು ಕೂತಿತ್ತು.

ಉಮಾದೇವಿ ಕಣ್ಣು ಬಿಟ್ಟಳು. ಮನೆಯಲ್ಲಿ ಆ ಕಣ್ಣಿಗೆ ಪ್ರಭುರಾಜ ಕೈಯಲ್ಲಿದ್ದ ಲೋಟ ಕೆಳಗಿಡುತ್ತಿದ್ದ, ಹಂದರದಲ್ಲಿ ಅದು ನಡೆಯಲಿಲ್ಲ. ಅವನು ದೊಡ್ಡ ಕ್ಯಾಮೆರಾವನ್ನು ಬೆನ್ನಿಗೆ ಸರಿಸಿ, ಚೀಲದಿಂದ ಉಪ್ಪಿನಕಾಯಿ ಮುಚ್ಚಳದ ಕ್ಯಾಮೆರಾ ಹೊರತೆಗೆದ. ಒಂದು ಕ್ಷಣದ ಕೆಲಸ ಎಂದುಕೊಂಡಿರಬೇಕು. ಮುಂದೆ ಬಾಗಿದ. ಇನ್ನೂ ಬಾಗಿದ. ಕಾಗದದ ತಟ್ಟೆ ಮದುಮಗಳ ಮೂಗಿಗೆ ತಾಗುವಷ್ಟು ಹತ್ತಿರ ಹೋಗಿ, ಉಸಿರು ಬಿಗಿಹಿಡಿದ.

ಸರಿಯಾಗಿ ಆಗಲೇ ಅಯ್ಯನೋರು ಕೈ ಎತ್ತಿದರು, ಗಟ್ಟಿಮೇಳ ಮೊಳಗಿತು. ಬೀರೇಶ ತಾಳಿ ಹಿಡಿದು ನೋಡುತ್ತಾನೆ, ಮದುಮಗಳ ಮುಂದೆ ಒಬ್ಬ ಮನುಷ್ಯ ಅಡ್ಡ ಇದ್ದಾನೆ. ಮುಹೂರ್ತ ಮೀರಿಸುವಂತಿಲ್ಲ. ಪಾಪ, ಅವನು ಪ್ರಭುರಾಜನ ಮೊಳಕೈ ಸರಿಸಿ, ಕಂಕುಳ ಕೆಳಗಿನಿಂದ ಕೈ ತೂರಿಸಿ ತಾಳಿ ಕಟ್ಟಿದ. ನೂರಾರು ಕೈಗಳಿಂದ ಅಕ್ಕಿಕಾಳು ಪ್ರಭುರಾಜನ ಬೆನ್ನ ಮೇಲೆ ಸುರಿದವು. ಅವನು ತಲೆ ಎತ್ತದೆ, “ಏ, ಸುಮ್ನಿರ್ರೋ, ಹುಳ ಜಿಗೀತದ!” ಎಂದು ಗದರಿಸಿದ.

ಮದುವೆ ಗದ್ದಲದಲ್ಲಿ ತಾಳಿ ಕಟ್ಟುವುದನ್ನೇ ಮರೆತರು ಎಂಬ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ತಾಳಿಯನ್ನೇನೋ ಕಟ್ಟಿದರು. ಕಟ್ಟಿದ್ದನ್ನು ನೆಟ್ಟಗೆ ಕಂಡವರು ಯಾರೂ ಇರಲಿಲ್ಲ.

ಊಟದ ಪಂಕ್ತಿಯ ಹಿಂದೆ ಉಮಾದೇವಿ ಗಂಡನನ್ನು ಹಿಡಿದಳು. ಅವನ ಮುಖ ಬೆಳಗುತ್ತಿತ್ತು. “ಉಮಾ, ಎಂಥಾ ಕಣ್ಣ ಅಂತಿ ಅದರವು! ಎಂಟೂ ಬಂದಾವ!”

“ತಾಳಿ?”

ಪ್ರಭುರಾಜನ ಮುಖದ ದೀಪ ಮೆಲ್ಲಗೆ ಆರಿತು. ಆಮೇಲೆ ತನಗೆ ತಾನೇ ಧೈರ್ಯ ಹೇಳಿಕೊಂಡ. “ಆಸಿಫ್ ವಿಡಿಯೋ ಮಾಡ್ಯಾನಲ್ಲ. ಅದರಾಗಿಂದ ಒಂದು ತಗದ್ರ ಆತು.”

ಆಸಿಫ್ ಎಂದರೆ ಪ್ರಭುರಾಜನ ಜೊತೆ ಮದುವೆಗಳಿಗೆ ವಿಡಿಯೋ ಮಾಡುವ ಹುಡುಗ. ಆ ವಾರವೇ ಗಂಡ ಹೆಂಡತಿ ಇಬ್ಬರೂ ರಾಯಚೂರಿಗೆ ಬುರ್ಹಾನುದ್ದೀನರ ಅಂಗಡಿಗೆ ಹೋದರು. ಆಸಿಫ್ ಅಲ್ಲಿ ಮೊದಲೇ ಬಂದು, ತಪ್ಪಿತಸ್ಥನಂತೆ ಚಹಾ ಕುಡಿಯುತ್ತ ಕೂತಿದ್ದ. ಚಾಚಾ ಚಶ್ಮಾ ಏರಿಸಿ ಕಂಪ್ಯೂಟರಿನಲ್ಲಿ ವಿಡಿಯೋ ಹಚ್ಚಿದರು. ಅಂತರಪಟ ಸರಿಯಿತು, ಗಟ್ಟಿಮೇಳ ಕೇಳಿಸಿತು. ತೆರೆಯ ತುಂಬ ಒಂದು ಚೌಕಳಿ ಅಂಗಿಯ ಬೆನ್ನು ಮೂಡಿತು. ಅಂಗಿಯ ಮೇಲೆ ಅಕ್ಕಿಕಾಳು ಬಿದ್ದವು. ಗಟ್ಟಿಮೇಳ ಮುಗಿಯಿತು. ಬೆನ್ನು ಇನ್ನೂ ಅಲ್ಲೇ ಇತ್ತು.

“ನಾ ಏನ್ ಮಾಡ್ಲಿ ಭಾಯ್,” ಎಂದ ಆಸಿಫ್. “ಎಡಕ್ಕ ಹೋದೆ, ನಿಮ್ಮ ಬೆನ್ನ. ಬಲಕ್ಕ ಹೋದೆ, ನಿಮ್ಮ ಬೆನ್ನ. ಕೂಗಿದೆ, ನಿಮಗ ಕೇಳಸ್ಲಿಲ್ಲ.”

ಉಮಾದೇವಿ ಸೋಲಲಿಲ್ಲ. ಬೀಗರು, ನೆಂಟರು, ಓಣಿಯವರು, ಎಲ್ಲರಿಗೂ ಫೋನು ಮಾಡಿ ಅವರವರ ಮೊಬೈಲಿನ ಫೋಟೋ ತರಿಸಿಕೊಂಡಳು. ಒಂದೊಂದಾಗಿ ಟಣ್ ಟಣ್ ಎಂದು ಬಂದವು. ಒಂದರಲ್ಲಿ ಬೆನ್ನು. ಇನ್ನೊಂದರಲ್ಲಿ ಬೆನ್ನು ಮತ್ತು ನಾಲ್ಕು ಮೊಬೈಲು. ಮತ್ತೊಂದರಲ್ಲಿ ಬೆನ್ನಿನ ಕೆಳಗಿನ ಭಾಗ. ಬುರ್ಹಾನುದ್ದೀನ್ ಎಲ್ಲವನ್ನೂ ಗಂಭೀರವಾಗಿ ನೋಡಿ, “ಮಾಶಾ ಅಲ್ಲಾ, ಅಂಗಿ ಮಾತ್ರ ಚಲೋ ಅದ. ಎಲ್ಲಿ ಹೊಲಿಸಿದ್ರಿ?” ಎಂದು ಕೇಳಿದರು.

ಕೊನೆಗೆ ಜೇಡದ ಫೋಟೋ ತೆರೆದರು. ಮುತ್ತಿನ ಮೇಲೆ ಮುಂಗಾಲು ಊರಿ, ಎರಡು ದೊಡ್ಡ ಕಣ್ಣು, ಪಕ್ಕಕ್ಕೆ ಸಣ್ಣವು, ಕೂದಲು ಕೂದಲೂ ಬೇರೆ ಬೇರೆ ಕಾಣುತ್ತ, ಅದು ನೇರ ಇವರನ್ನೇ ನೋಡುತ್ತಿತ್ತು. ಅಷ್ಟು ಚೆಂದದ್ದನ್ನು ಉಮಾದೇವಿ ಎಂದೂ ನೋಡಿರಲಿಲ್ಲ, ಚೆಂದವಾಗಿದೆ ಎಂಬುದಕ್ಕೇ ಅವಳ ಸಿಟ್ಟು ದುಪ್ಪಟ್ಟಾಯಿತು. ಹಾಳಾದ್ದು ಕೆಟ್ಟದಾಗಿಯಾದರೂ ಬಂದಿದ್ದರೆ ಬಾಯಿ ತುಂಬ ಬೈಯಬಹುದಿತ್ತು.

“ಕೆಳಗ ಇದೇನಿದು, ಹಳದಿ ಮಂಜು?” ಎಂದು ಕೇಳಿದಳು.

“ಅದು ಅರಿಷಿಣದ ದಾರ ಇರಬೇಕು,” ಎಂದ ಪ್ರಭುರಾಜ ಸಣ್ಣ ದನಿಯಲ್ಲಿ.

“ಇರಬೇಕು! ನಮ್ಮವ್ವಗ ಹೋಗಿ ಹೇಳು, ಇರಬೇಕು ಅಂತ.”

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಬಸ್ಸು ಕಲ್ಲೂರು ದಾಟಿತು. ಪ್ರಭುರಾಜ ಶೇಂಗಾ ಕೊಂಡು ಮುಂದೆ ಹಿಡಿದ, ತೆಗೆದುಕೊಳ್ಳಲಿಲ್ಲ. ಅವಳ ಕಣ್ಣ ಮುಂದೆ ಅಣ್ಣನ ಸಿಟ್ಟಿನ ಮುಖವಿರಲಿಲ್ಲ. ಅನ್ನದ ಹಂಡೆಯ ಹೊಗೆಯಲ್ಲಿ ಕೂತು, ಗಟ್ಟಿಮೇಳ ಕಿವಿಯಿಂದ ಮಾತ್ರ ಕೇಳಿ, ಯಾರಿಗೂ ಕಾಣದಂತೆ ಎರಡು ಕಾಳು ಅಕ್ಕಿಯನ್ನು ಹಂದರದ ದಿಕ್ಕಿಗೆ ಎಸೆದಿದ್ದ ತಾಯಿ ಇದ್ದಳು. ಆರತಿ ತಟ್ಟೆ ಇಳಿಸಿ ಹಿತ್ತಲಿಗೆ ಹೋದಾಗ ಆ ಕಾಳುಗಳು ಮಣ್ಣಲ್ಲಿ ಬಿದ್ದಿದ್ದನ್ನು ಉಮಾದೇವಿ ಕಂಡಿದ್ದಳು.

ಮದುಮಕ್ಕಳು ಮೊದಲ ಸಲ ತವರಿಗೆ ಬರುವ ದಿನ ಕುರ್ಡಿಯಲ್ಲಿ ಒಂದು ಕೆಲಸವಿರುತ್ತದೆ. ಮದುವೆಯಲ್ಲಿ ಅರಿಷಿಣದ ದಾರಕ್ಕೆ ಕಟ್ಟಿದ ತಾಳಿಯನ್ನು ಅಂದು ಹೊಸ ದಾರಕ್ಕೆ ಸೇರಿಸುತ್ತಾರೆ. ಮುತ್ತೈದೆಯರು ಕೂತು ಕರಿಮಣಿ, ಹವಳ, ಗುಂಡು ಪೋಣಿಸಿ, ನಡುವೆ ತಾಳಿ ಸೇರಿಸಿ, ಮಗಳ ಕೊರಳಿಗೆ ಕಟ್ಟಿ ಉಡಿ ತುಂಬುತ್ತಾರೆ. ಅದರ ಜೊತೆಗೆ ಈ ಸಲ ಆಲ್ಬಂ ನೋಡುವ ಕೆಲಸವೂ ಇತ್ತು. ಪಡಸಾಲೆ ತುಂಬ ಜಮಖಾನೆ ಹಾಸಿ, ದೇವದುರ್ಗದ ಬೀಗರೂ ಮನೆಯವರೂ ಕಾಯುತ್ತ ಕೂತಿದ್ದರು.

ಉಮಾದೇವಿ ಯಾರ ಮುಖವನ್ನೂ ನೋಡದೆ ನೇರ ಮೂಲೆಯಲ್ಲಿದ್ದ ತಾಯಿಯ ಹೊರಸಿನ ಹತ್ತಿರ ಹೋದಳು. ಹೊರಸಿನ ಎದುರು ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಸುಣ್ಣದ ನಡುವೆ ಒಂದು ಮೊಳೆ. ಭೀಮವ್ವ ತಾನೇ ನಿಂತು ಹೊಡೆಸಿದ್ದಳಂತೆ. ಅದನ್ನು ನೋಡಿದ ಮೇಲೆ ಉಮಾದೇವಿಗೆ ಸುತ್ತಿಬಳಸಿ ಹೇಳುವ ಶಕ್ತಿ ಉಳಿಯಲಿಲ್ಲ.

“ಯವ್ವಾ, ಆ ಫೋಟೋ ಇಲ್ಲ. ಇವರು ತಗೀಲಿಲ್ಲ. ಯಾರ ಬಲ್ಲಿನೂ ಇಲ್ಲ.”

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಬೂದೆಪ್ಪ ಆಲ್ಬಂ ಕಸಿದುಕೊಂಡು ಹಾಳೆ ಮಗುಚಿದ. ಬಾಸಿಂಗದ ಜೇಡ ಸಿಕ್ಕಿತು, ಅದೂ ಇಡೀ ಹಾಳೆಯ ತುಂಬ, ಬುರ್ಹಾನುದ್ದೀನ್ ಚಾಚಾ ಬಿಡಲಾರದೆ ಸೇರಿಸಿದ್ದು. “ನಾ ಏನ್ ಹೇಳಿದ್ದೆ? ಮಿಡಚಿ ಅಂದಿದ್ದೆ, ಜ್ಯಾಡ ಆತು, ಅಷ್ಟಽ ಫರಕು!” ಎಂದು ಕೂಗಿದ. “ಹೋಗ್ಲಿ, ಈಗ ಇನ್ನೊಮ್ಮಿ ಕುಂದರಿಸಿ ಕಟ್ಟಸ್ರಿ. ಬಾಸಿಂಗ ತರ್ರಿ. ಫೋಟೋ ತಕ್ಕೊಂಡ್ರಾತು, ಯಾರಿಗೆ ಗೊತ್ತಾಗ್ತದ?”

“ಏ ಬೂದಾ.” ಭೀಮವ್ವನ ದನಿ ದೊಡ್ಡದಾಗಿರಲಿಲ್ಲ. “ನನ್ನ ಸಲುವಾಗಿ ಕೂಸಿಗೆ ಸುಳ್ಳ ತಾಳಿ ಕಟ್ಟಸ್ತಿ ಏನು? ಬಾಯಿ ಮುಚ್ಕೊಂಡು ಕುಂದ್ರು.”

ಪ್ರಭುರಾಜ ಅಷ್ಟು ಹೊತ್ತು ಬಾಗಿಲ ಹತ್ತಿರ ಚಪ್ಪಲಿಗಳ ನಡುವೆ ನಿಂತಿದ್ದ. ಈಗ ಬಂದು ಹೊರಸಿನ ಮುಂದೆ ಕೂತ. ಅವನು ನೆಪ ಹೇಳಲಿಲ್ಲ. ಅದೊಂದಕ್ಕೆ ಉಮಾದೇವಿ ಮನಸ್ಸಿನಲ್ಲೇ ಅವನಿಗೆ ಅರ್ಧ ಮಾಫಿ ಕೊಟ್ಟಳು.

“ತಪ್ಪಾತ್ರಿ ಅತ್ತಿ. ನನ್ನ ಬುದ್ಧಿ ಮಣ್ಣ ತಿಂತು.”

ಭೀಮವ್ವ ಅವನ ತಲೆಯನ್ನು ನೋಡಿದಳು. “ಹುಳ ಹೆಂಗಿತ್ತು?”

“ಭಾಳ ಚಂದ ಇತ್ರಿ,” ಎಂದ ಪ್ರಭುರಾಜ, ಎಷ್ಟೆಂದರೂ ಸುಳ್ಳು ಹೇಳಲಾರದೆ. “ಇಷ್ಟಽ ಇಷ್ಟು. ಎಂಟು ಕಣ್ಣು. ಒಂದು ಕಡಿ ಕುಂತು ಮುಂದಿಂದು, ಬಾಜೂಕಿಂದು, ಹಿಂದಿಂದು, ಎಲ್ಲಾ ನೋಡ್ತದ್ರಿ.”

“ಎಂಟು ಕಣ್ಣು,” ಎಂದಳು ಭೀಮವ್ವ. “ಹೋಗ್ಲಿ ಬಿಡು. ಅದಾದ್ರೂ ನೋಡ್ತಲ್ಲ.”

ಅವಳು ವ್ಯಂಗ್ಯಕ್ಕೆ ಹೇಳಿದ್ದಲ್ಲ, ಅಳಿಯನಿಗೆ ಸಮಾಧಾನವಾಗಲೆಂದು ಹೇಳಿದ್ದು. ಮುತ್ತೈದೆಯರ ನಡುವೆ ಕೂತಿದ್ದ ರಾಧಾ ಅಜ್ಜಿಯ ಕಡೆ ತಲೆ ಎತ್ತಿದಳು.

“ಆಯಿ, ನೀ ಅಲ್ಲಿ ಇದ್ದಿಲ್ಲೇನು?”

ಭೀಮವ್ವ ಎದುರು ಗೋಡೆಯ ಮೊಳೆಯ ಕಡೆ ನೋಡಿದಳು.

“ನನಗ ಬಾಸಿಂಗದಾಗ ಏನೂ ಕಾಣ್ಸಾಕತ್ತಿದ್ದಿಲ್ಲ. ನೀ ನನ್ನ ಹಿಂದ ನಿಂತೀದಿ ಅಂತ ತಿಳ್ಕೊಂಡಿದ್ದೆ. ಹಿಂದಿಂದ ಯಾರೋ ತಲಿ ಮುಟ್ಟಿದ್ರು, ನೀನಽ ಅನ್ಕೊಂಡೆ.” ರಾಧಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ತಾಯಿ ಬಂಡೆಮ್ಮನ ಮುಂದಿದ್ದ ಕರಿಮಣಿ ತಟ್ಟೆಯನ್ನು ಎತ್ತಿಕೊಂಡು ಬಂದು ಅಜ್ಜಿಯ ತೊಡೆಯ ಮೇಲಿಟ್ಟಳು. “ಇದನ್ನರೆ ನೀ ಪೋಣಸು. ನೀನಽ ಕಟ್ಟು.”

“ಹುಚ್ಚಿ, ಏಳು. ಇದು ಮುತ್ತೈದಿಯರ ಕೆಲ್ಸ.”

“ನನ್ನ ಜಡಿ ಹಾಕಿದ್ದು ಯಾವ ಮುತ್ತೈದಿ?”

ದೇವದುರ್ಗದ ಬೀಗತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ, “ಹಂಗೆಲ್ಲ ನಡ್ಯಂಗಿಲ್ಲವಾ,” ಎಂದು ಶುರು ಮಾಡುವಷ್ಟರಲ್ಲಿ ಬೀರೇಶ ಗಂಟಲು ಸರಿಮಾಡಿಕೊಂಡ. ಮದುವೆಯ ದಿನ ಕಂಕುಳ ಕೆಳಗಿನಿಂದ ತಾಳಿ ಕಟ್ಟಿದ ಹುಡುಗ ಅಂದಿನಿಂದ ಬಾಯಿ ಬಿಟ್ಟಿರಲಿಲ್ಲ.

“ನಾ ಕಟ್ಟಿದ್ದು ಹೆಂಗೂ ಯಾರಿಗೂ ಕಾಣ್ಸಿಲ್ಲ. ಇದಾದ್ರೂ ನಾಲ್ಕು ಮಂದಿಗೆ ಕಾಣಸ್ಲಿ. ಆಯಿನೇ ಕಟ್ಟಲಿ,” ಎಂದ.

ಎಲ್ಲರೂ ಬಂಡೆಮ್ಮನ ಕಡೆ ನೋಡಿದರು. ಮಗಳ ತಾಯಿ ಅವಳು, ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಬಂಡೆಮ್ಮ ಸ್ವಲ್ಪ ಹೊತ್ತು ಜಮಖಾನೆಯ ಅಂಚು ಕೆದರಿದಳು. ಆಮೇಲೆ ಎದ್ದು ಬಂದು ಅತ್ತೆಯ ಕೈಗೆ ದಾರ ಕೊಟ್ಟಳು. “ಕಟ್ಟರೀ ಅತ್ತಿ. ನಾನೂ ಆ ದಿನ ಕೇಳ್ಬೇಕಿತ್ತು. ಕೇಳಲಿಲ್ಲ.”

ಭೀಮವ್ವ ದಾರ ಹಿಡಿದಳು. ಮಣಿ ಎತ್ತಿದಳು, ಮಣಿಯ ತೂತು ಅವಳಿಗೆ ಕಾಣಲಿಲ್ಲ. ದಾರ ಮಣಿಯ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಹತ್ತಿರದ್ದು ನೋಡುವ ಚಶ್ಮಾದ ಮೇಲೆ ಮದುವೆ ಗದ್ದಲದಲ್ಲಿ ಯಾರೋ ದಪ್ಪನೆಯವರು ಕೂತು ಪುಡಿ ಮಾಡಿದ್ದರು, ಹೊಸದು ಇನ್ನೂ ಬಂದಿರಲಿಲ್ಲ. ಮಣಿ ಜಾರಿ ಹೊರಸಿನ ಕೆಳಗೆ ಉರುಳಿತು. “ನನ್ನ ಕೈಲೆ ಆಗಂಗಿಲ್ಲವಾ, ಕಾಣಂಗಿಲ್ಲ,” ಎಂದು ತಟ್ಟೆಯನ್ನು ದೂರ ಸರಿಸಿದಳು. ದೇವದುರ್ಗದ ಬೀಗತಿಯರು ದೇವರೇ ಬೇಡ ಅಂದ ಎಂಬಂತೆ ನಿಟ್ಟುಸಿರು ಬಿಟ್ಟರು.

ಪ್ರಭುರಾಜ ಎದ್ದು ಚೀಲದ ಕಡೆ ಓಡಿದ. ಉಮಾದೇವಿಗೆ ಮೈ ಉರಿಯಿತು. ಇವನು ಈಗಲೂ ಫೋಟೋ ತೆಗೆಯಲು ಹೊರಟನೇ? ಆದರೆ ಅವನು ಉಪ್ಪಿನಕಾಯಿ ಮುಚ್ಚಳ ತಿರುಗಿಸಿ, ಕ್ಯಾಮೆರಾದಿಂದ ಲೆನ್ಸು ಬಿಚ್ಚಿ, ಕ್ಯಾಮೆರಾವನ್ನು ಅಲ್ಲೇ ಚಪ್ಪಲಿಗಳ ಹತ್ತಿರ ಬಿಟ್ಟು ಬಂದ. “ಅತ್ತಿ, ಹೊರಸು ಬಾಗಲ ಕಡಿ ತಿರುವ್ತೀನಿ, ಬೆಳಕ ಬೇಕು,” ಎಂದ. ಬಾಗಿಲ ಬಿಸಿಲು ತೊಡೆಯ ಮೇಲೆ ಬೀಳುವಂತೆ ಹೊರಸು ತಿರುಗಿತು. ಅವನು ಮಂಡಿಯೂರಿ ಕೂತು, ಎರಡೂ ಕೈಯಲ್ಲಿ ಲೆನ್ಸನ್ನು ಅವಳ ಕಣ್ಣಿನ ಮುಂದೆ ಹಿಡಿದ. “ಇನ್ನಽ ಹತ್ತಿರ ತರ್ರಿ ಮಣಿ. ಇನ್ನಽ. ಹಾಂ.”

ಭೀಮವ್ವ ಮಣಿಯನ್ನು ಗಾಜಿನ ಹತ್ತಿರ ತಂದಳು.

“ಯಪ್ಪಾ! ಇದು ಮಣಿನೋ, ನೀರಲಹಣ್ಣೋ?” ಎಂದಳು. ನೋಡಿದಳು. ಮತ್ತೆ ನೋಡಿದಳು. “ಮತ್ತ ಈ ಕೈ ಯಾರವು? ಆಮಿ ಬೆನ್ನ ಆಗ್ಯಾವಲ್ಲ!”

ಎಲ್ಲರೂ ನಕ್ಕರು, ಮೂಗು ಮುರಿದಿದ್ದ ಬೀಗತಿಯೂ ನಕ್ಕಳು. ಭೀಮವ್ವ ನಗಲಿಲ್ಲ. ಅವಳಿಗೆ ಕೆಲಸವಿತ್ತು. ಮಣಿಯ ತೂತು ಈಗ ಅವಳಿಗೆ ಬಾವಿಯ ಬಾಯಿಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ದಾರದ ತುದಿ ಒಳಗೆ ಹೋಯಿತು. ಒಂದು ಮಣಿ, ಮತ್ತೊಂದು, ಹವಳ, ಮತ್ತೆ ಮಣಿ. ಪ್ರಭುರಾಜನ ಕೈ ಸೋತು ಲೆನ್ಸು ಸ್ವಲ್ಪ ಅಲ್ಲಾಡಿತು.

“ಏ, ಅಲಗಾಡಬ್ಯಾಡೋ,” ಎಂದು ಭೀಮವ್ವ ಗದರಿಸಿದಳು. “ಉಸಿರ ಹಿಡಿ.”

ಪ್ರಭುರಾಜ ಉಸಿರು ಹಿಡಿದ.

ಮಣಿಗಳ ನಡುವೆ ತಾಳಿ ಸೇರಿತು. ರಾಧಾ ಬೆನ್ನು ತಿರುಗಿಸಿ ಕೂತು, ಜಡೆ ಮುಂದೆ ಹಾಕಿಕೊಂಡು, ಕೊರಳು ಬಾಗಿಸಿದಳು. ಭೀಮವ್ವ ದಾರದ ಎರಡು ತುದಿಗಳನ್ನು ಅವಳ ಕೊರಳ ಹಿಂದೆ ತಂದಳು. ಲೆನ್ಸು ಹಿಂದೆಯೇ ಹೋಯಿತು. ಮುದುಕಿಯ ಕಣ್ಣು, ಗಾಜು, ಮೊಮ್ಮಗಳ ಕೊರಳು, ಮೂರೂ ಒಂದಕ್ಕೊಂದು ತಾಗುವಷ್ಟು ಹತ್ತಿರವಿದ್ದವು. ಅವಳು ಒಂದು ಗಂಟು ಹಾಕಿದಳು. ಎರಡನೆಯದನ್ನು ಹಾಕಿದಳು. ಮೂರನೆಯದನ್ನು ಹಾಕುವ ಮೊದಲು ತಡೆದು, ತನ್ನ ಬೆರಳುಗಳು ಬಿಗಿಯುವುದನ್ನು ತಾನೇ ಸಾವಕಾಶ ನೋಡುತ್ತ, ಬಿಗಿದಳು.

ಉಮಾದೇವಿಗೆ ಆಗ ಹೊಳೆಯಿತು. ಬೀರೇಶನೂ ಮೊಬೈಲು ಮರೆತು ಕೂತಿದ್ದಾನೆ, ಬೂದೆಪ್ಪ ಪಂಚೆಯ ಚುಂಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾನೆ, ಕ್ಯಾಮೆರಾ ಕಣ್ಣಿಲ್ಲದೆ ಚಪ್ಪಲಿಗಳ ನಡುವೆ ಬಿದ್ದಿದೆ. ಇದರದ್ದೂ ಫೋಟೋ ಇಲ್ಲ. ಗಂಡನಿಗೆ ಹೇಳೋಣವೆಂದು ಬಾಯಿ ತೆರೆದಳು. ಅವನು ಕೆಂಪು ಮುಖ ಮಾಡಿಕೊಂಡು ಇನ್ನೂ ಉಸಿರು ಹಿಡಿದುಕೊಂಡೇ ಇದ್ದ. ಅವಳು ಬಾಯಿ ಮುಚ್ಚಿದಳು.

“ಬಿಡು ಈಗ,” ಎಂದಳು ಭೀಮವ್ವ ಅಳಿಯನಿಗೆ. “ಕಂಡ್ತು.”